ಎಸೆನ್‌ನ ಬೆನ್ನಿನ ದಾರ

ಎಲ್ಲಕ್ಕೂ ಕಾರಣ ಎಸೆನ್‌ನ ಬೆನ್ನ ಮೇಲೆ ಗೇಣುದ್ದ ನೇತಾಡುತ್ತಿದ್ದ ದಾರ.

ಅದನ್ನು ಬೇಕೆಂದೇ ಬಿಟ್ಟಿದ್ದ. ತೋಳಿಲ್ಲದ ಉಣ್ಣೆಯ ಕೋಟಿಗೆ ಕರೆಂಟು ಹರಿಯುವ ದಾರದಿಂದ ಪುಟ್ಟ ದೀಪಗಳನ್ನು ಹೊಲಿದಿದ್ದ. ಕೋಟು ಹಳತಾದಾಗ ತುದಿ ಹಿಡಿದೆಳೆದರೆ ಸಾಕು, ಹಿಟ್ಟಿನ ಚೀಲದ ಬಾಯಿ ಬಿಚ್ಚಿದಂತೆ ದಾರ, ದೀಪ ಎಲ್ಲ ಕೈಗೆ ಬರಬೇಕು, ಯಾವುದೂ ಕಸಕ್ಕೆ ಹೋಗಬಾರದು. ಪರೀಕ್ಷಕಿ ಗುಲ್ಸಾರಾ ಒಪ್ಪಿದರೆ ಬಿಷ್ಕೆಕ್‌ನ ಕಾರ್ಯಾಗಾರದಲ್ಲಿ ಅವನಿಗೊಂದು ಮೇಜು, ಕಸೂತಿ ಯಂತ್ರ. ಇಲ್ಲದಿದ್ದರೆ ಬಜಾರಿನಲ್ಲಿ ಮತ್ತೆ ಮೊಬೈಲ್ ರಿಪೇರಿ. ಕೋಟು ತೊಟ್ಟುಕೊಂಡೇ ಬರಬೇಕೆಂದು ಆಕೆ ಹೇಳಿದ್ದಳು.

ಗೇಟಿನಲ್ಲೇ ಪಕ್ಕದ ಮನೆಯ ಅಕ್ಕ, ಬೂರುಲ್ ಎಜೆ, ಹಿಡಿದಳು. "ನಿಂತ್ಕೊಳ್ಳೋ, ದಾರ ಬಿಟ್ಕೊಂಡಿದೆ. ಕಿತ್ತು ಹಾಕ್ತೀನಿ."

"ಬೇಡ ಎಜೆ! ಎಳೆದ್ರೆ ಅಷ್ಟೂ ಬಿಚ್ಕೊಳ್ಳುತ್ತೆ!"

"ಹೌದಾ? ಪಾಪ!" ಎಂದು ಬೆನ್ನು ಸವರಿ ಕಳಿಸಿದಳು.

ಮಿನಿಬಸ್ಸಿನಲ್ಲಿ ಹಿಂದೆ ನಿಂತಿದ್ದ ಬಿಳಿ ಟೋಪಿಯ ತಾತ, "ಮದುವೆ ಆಗಿಲ್ವೇನಪ್ಪಾ? ನೋಡ್ಕೊಳ್ಳೋರಿಲ್ದಿದ್ರೆ ಹಿಂಗೇ" ಎಂದು ಕೈ ಹಾಕಿದ. ಎಸೆನ್ ಅಂಗಲಾಚಿದ. ತಾತನೂ ಬೆನ್ನು ತಟ್ಟಿದ. ಕಾರ್ಯಾಗಾರದ ಕಾವಲುಗಾರ ಲೈಟರನ್ನೇ ಹಚ್ಚಿ ಬಂದ.

"ದಮ್ಮಯ್ಯ ಅಣ್ಣಾ, ಅದು ಹೋದ್ರೆ ನನ್ನ ಮಾನ ಹೋಗುತ್ತೆ!"

"ಅಷ್ಟೇ ತಾನೇ? ನಾನಿದೀನಿ" ಎಂದು ಅವನೂ ಬೆನ್ನು ಸವರಿದ.

ಒಳಗೆ, "ಸರಿ, ದಾರ ಎಳೆದು ಬಿಚ್ಚಿ ತೋರ್ಸು" ಎಂದಳು ಗುಲ್ಸಾರಾ.

ಎಸೆನ್ ಹಿಂದಕ್ಕೆ ಕೈ ಚಾಚಿ ಎಳೆದ. ಜಗ್ಗಲಿಲ್ಲ. ಜೋರಾಗಿ ಎಳೆದ. ಕೋಟೇ ಕತ್ತಿಗೆ ಏರಿತು.

ಗುಲ್ಸಾರಾ ಕನ್ನಡಕ ಹಾಕಿಕೊಂಡು ಬೆನ್ನು ನೋಡಿದಳು. "ಮೂರು ಗಂಟು ಬಿದ್ದಿದೆಯಲ್ಲಪ್ಪಾ! ಒಂದಂತೂ ಕುರಿ ಕಟ್ಟೋ ಗಂಟು. ನೀನು ಎಳೆದು ಇನ್ನೂ ಬಿಗಿ ಮಾಡಿದೀಯ. ಇದನ್ನ ತೊಡೋರು ಓಡಾಡೋದೂ ಜನರ ಮಧ್ಯಾನೇ ಅಲ್ವಾ? ಒಂದು ಬೆಳಗ್ಗೆ ಕೂಡ ತಡೀಲಿಲ್ಲ ನಿನ್ನ ಉಪಾಯ." ಮೇಜು ಬೇರೆಯವರ ಪಾಲಾಯಿತು.

ವಾಪಸು ಬಸ್ಸಿನಲ್ಲಿ ಎಸೆನ್ ಸಿಟ್ಟು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಬೆನ್ನು ಸವರಿದ ಕೈಗಳ ಒಂದೊಂದು ಗಂಟೂ ಅವನ ಮಾನ ಉಳಿಸಲೆಂದೇ ಬಿದ್ದದ್ದು. ದಾರ, ದೀಪ, ಬ್ಯಾಟರಿ ಎಲ್ಲವನ್ನೂ ಯೋಚಿಸಿದ್ದ. ಇನ್ನೊಬ್ಬರ ಅಂಗಿ ಬಿಚ್ಚಿಹೋಗುವುದನ್ನು ನೋಡಲಾರದ ತನ್ನ ಜನರನ್ನು ಮಾತ್ರ ಮರೆತಿದ್ದ. ಮೇಜು ಹೋದ ಸಂಕಟದ ಜೊತೆಗೇ ಅವರ ಮೇಲೆ ಪ್ರೀತಿಯೂ ಉಕ್ಕಿತು. ಮುಂದಿನ ಸೀಟಿಗೆ ಹಣೆಯೊರಗಿಸಿ ಹಾಗೇ ನಿದ್ದೆಹೋದ.

"ಏಳು ಮಗಾ" ಎಂದು ಹಿಂದಿನ ಸೀಟಿನ ಅಜ್ಜಿ ತಟ್ಟಿ ಎಬ್ಬಿಸಿದಳು. "ದಾರದಲ್ಲಿ ಗಂಟು ಬಿದ್ದಿತ್ತು. ಹೇರ್‌ಪಿನ್ನಲ್ಲಿ ಬಿಡಿಸ್ದೆ. ಆಮೇಲೆ ತುದಿ ಮುಟ್ಟಿದ್ದು ಅಷ್ಟೆ."

ಅವಳ ಮಡಿಲಲ್ಲಿ ದಾರದ ಉಂಡೆ, ಪಕ್ಕದಲ್ಲಿ ದೀಪಗಳೆಲ್ಲ. ಒಂದೂ ಕಳೆದಿರಲಿಲ್ಲ, ಒಂದೂ ಮುರಿದಿರಲಿಲ್ಲ.

ಅಜ್ಜಿ ಮರುಗಿದಳು: "ಯಾರಪ್ಪಾ ಹೊಲಿದಿದ್ದು ಇದನ್ನ? ಒಂದು ಚೂರೂ ಗಟ್ಟಿಯಿಲ್ಲ!"