ಐದನೇ ಮಹಡಿಯ ಹೊಟ್ಟೆಕಿಚ್ಚು

"ಅತ್ತಿಗೆ, ಇನ್ಮೇಲೆ ಜಪಾನಿ ಕಲಿಯೋ ಕಷ್ಟವೇ ಇಲ್ಲ!" ಎಂದು ನನ್ನ ಮೈದುನ ತ್ರಯಂಬಕ ಕೊರಳಿಗೆ ನೇತುಹಾಕಿಕೊಂಡಿದ್ದ ಡಬ್ಬಿಯನ್ನು ತಟ್ಟಿದ. ಹಳೇ ರೈಸ್ ಕುಕ್ಕರಿಗೆ ಎರಡು ಸ್ಪೀಕರ್ ಅಂಟಿಸಿದ ಯಂತ್ರ. ಕನ್ನಡ ಕೇಳಿದರೆ ಜಪಾನಿಯಲ್ಲಿ, ಜಪಾನಿ ಕೇಳಿದರೆ ಕನ್ನಡದಲ್ಲಿ ಒದರುತ್ತದೆ.

"ಪಿಸುಗುಟ್ಟಿದರೂ ಒಂದಕ್ಷರ ಬಿಡಲ್ಲ!"

"ಬಟ್ಟೆ ಒಣಗಿಸೋ ಯಂತ್ರ ಮಾಡಿದಾಗ್ಲೂ ಹೀಗೇ ಅಂದಿದ್ದೆ. ನನ್ನ ಸೀರೆ ಹಪ್ಪಳ ಆಯ್ತು!" ಎಂದೆ.

ನಾವು ನಿಂತಿದ್ದದ್ದು ಕೋಬೆ ನಗರದ ಹಳೆಯ ಕಟ್ಟಡವೊಂದರ ಐದನೇ ಮಹಡಿಯಲ್ಲಿ, ತ್ರಯಂಬಕ ಮತ್ತು ಅವನ ಹೆಂಡತಿ ವಾರಿಜಾ ಕೊಳ್ಳಲಿದ್ದ ಮನೆಯ ಬಾಗಿಲಲ್ಲಿ. ಜಪಾನಿನಲ್ಲಿ ಕಾಂಕ್ರೀಟಿನ ಫ್ಲ್ಯಾಟಿಗೆಲ್ಲ 'ಮ್ಯಾನ್ಶನ್' ಅನ್ನುತ್ತಾರೆ. ವಾರಿಜಾ ದಾವಣಗೆರೆಗೆ ಫೋನ್ ಮಾಡಿ "ಮ್ಯಾನ್ಶನ್ ತಗೋತಿದೀವಿ" ಎಂದದ್ದೇ ತಡ, ನಮ್ಮತ್ತೆ ಬೀದಿಗೆಲ್ಲ "ಕಿರಿಸೊಸೆ ಅರಮನೆ ಕೊಂಡ್ಲು" ಎಂದು ಸಾರಿಬಿಟ್ಟರು! ಹಿರಿಸೊಸೆಯಾದ ನಾನು ಇದೇ ಊರಲ್ಲಿ, ರೈಲು ಹಳಿಯ ಪಕ್ಕದ ಬಾಡಿಗೆ ಗೂಡಿನಲ್ಲಿದ್ದೇನೆ. ರೈಲು ಹೋದಾಗಲೆಲ್ಲ ನಮ್ಮನೆ ಸಾರು ತಾನೇ ಕುಲುಕಿಕೊಳ್ಳುತ್ತದೆ.

ನಾನು ಬಂದದ್ದೇ ಕುಂದು ಹುಡುಕಲು. ಬಣ್ಣ ಉದುರಿತ್ತು, ಲಿಫ್ಟು ಕೆಮ್ಮುತ್ತಿತ್ತು, ಕೊಳಾಯಿಗಳಿಗೆ ನನ್ನಷ್ಟೇ ವಯಸ್ಸಾಗಿತ್ತು. ಸಂತೋಷವಾಯಿತು! ಆದರೆ ಮನೆಯೊಡತಿ ಒಕುಮುರಾ ಅಜ್ಜಿ ಬಾಲ್ಕನಿಯ ಬಾಗಿಲು ಸರಿಸಿದರು ನೋಡಿ, ಎದುರಿಗೆ ಇಡೀ ಸಮುದ್ರ!

ಅಜ್ಜಿಗೆ ಮನಸ್ಸೊಪ್ಪಿದರೆ ಇವತ್ತೇ ಕಾಗದಕ್ಕೆ ಮುದ್ರೆ ಒತ್ತುವವರಿದ್ದರು. ಏಜೆಂಟ್ ಹುಡುಗಿ ಪಕ್ಕದಲ್ಲೇ ಕಾಯುತ್ತಿದ್ದಳು.

"ಅಯ್ಯೋ, ಹೊಟ್ಟೆ ಉರೀತಿದೆ" ಎಂದು ನನ್ನಷ್ಟಕ್ಕೆ ಗೊಣಗಿದೆ. ಡಬ್ಬಿ ತಕ್ಷಣ ಏನೋ ಒದರಿತು. ಅಜ್ಜಿ ಗಾಬರಿಯಿಂದ ಒಳಗೋಡಿ, ಮಾತ್ರೆ, ನೀರು ತಂದು ನನ್ನ ಕೈಗಿಟ್ಟರು. "ಊಟದಲ್ಲಿ ಖಾರ ಹೆಚ್ಚಾಯಿತೇ?" ಎಂದಿತು ಡಬ್ಬಿ, ಅಜ್ಜಿಯ ಪರವಾಗಿ.

ವಾರಿಜಾಗೆ ಅರ್ಥವಾಗಿಬಿಟ್ಟಿತು. "ಅಕ್ಕಾ! ನಿಮ್ಮ ಕಣ್ಣು ಬಿತ್ತು, ಮುಗೀತು ನಮ್ಮನೆ ಕತೆ!"

ಡಬ್ಬಿ ಅದನ್ನೂ ಬಿಡಲಿಲ್ಲ. ಅಜ್ಜಿ ಮತ್ತು ಏಜೆಂಟ್ ಹುಡುಗಿ ಮೊಣಕಾಲೂರಿ ಚಾಪೆಯ ಮೇಲೆಲ್ಲ ನನ್ನ ಕಣ್ಣು ಹುಡುಕತೊಡಗಿದರು!

"ಎಲ್ಲ ಪದಕ್ಕೆ ಪದ ಹೇಳ್ತಿದೆಯಲ್ಲೋ!" ಎಂದು ಕೂಗಿದೆ.

"ನಿಮಗೆ ಹೊಟ್ಟೆಕಿಚ್ಚು!" ವಾರಿಜಾ ಕೂಗಿದಳು.

"ನನಗಾ? ಮನೆ ಮನೆಗೂ ಬೆಂಕಿ ಇಡೋಳು ನೀನು!"

ಡಬ್ಬಿ ಸಂಪೂರ್ಣ ಶ್ರದ್ಧೆಯಿಂದ ಅನುವಾದಿಸಿತು. ಏಜೆಂಟ್ ಹುಡುಗಿ ಚೀರುತ್ತ ಓಡಿ ಅಪಾಯದ ಗಂಟೆ ಒತ್ತಿದಳು. ಕ್ಷಣದಲ್ಲಿ ಕಟ್ಟಡ ಖಾಲಿ! ನಾವೂ ಕೆಳಗಿಳಿದೆವು. ತಲೆಗೆ ದಿಂಬು ಕಟ್ಟಿಕೊಂಡವರು, ಬೆಕ್ಕನ್ನು ಬಗಲಲ್ಲಿಟ್ಟುಕೊಂಡವರು ಎಲ್ಲ ಅಂಗಳದಲ್ಲಿ ಸಾಲಾಗಿ ನಿಂತು ನಮ್ಮನ್ನೇ ನೋಡಿದರು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪುಣ್ಯಕ್ಕೆ ಮನಸ್ಸಿನಲ್ಲೇ ಅಂದುಕೊಂಡೆ.

"ಛೆ, ಭಾವಾರ್ಥದ ಗುಂಡಿ ಒತ್ತೋದೇ ಮರೆತಿದ್ದೆ!" ಎಂದು ತ್ರಯಂಬಕ ಅದನ್ನು ಒತ್ತಿಯೇಬಿಟ್ಟ.

ಡಬ್ಬಿ ಎರಡೂ ಭಾಷೆಯಲ್ಲಿ ಅಂಗಳಕ್ಕೆಲ್ಲ ಕೇಳುವಂತೆ ತಪ್ಪೊಪ್ಪಿಕೊಂಡಿತು: "ಕ್ಷಮಿಸಿ. ಬೆಂಕಿ ಇಲ್ಲ. ಈ ದೊಡ್ಡಮ್ಮನಿಗೆ ಈ ಮನೆ ಕಂಡು ತಡೆಯಲಾರದ ಅಸೂಯೆ. ಸಮುದ್ರ ನೋಡಿದ ಮೇಲಂತೂ ಜೀವವೇ ಹೋಗುತ್ತಿದೆ."

ಒಕುಮುರಾ ಅಜ್ಜಿಯ ಕಣ್ಣಲ್ಲಿ ನೀರು. "ಹಳೇ ಕಟ್ಟಡ, ಕೆಡವಿ ಎಂದು ಎಲ್ಲರೂ ಅಂದರು. ಪಾಪ ಎಂದರು. ಈ ಮನೆಗೆ ಅಸೂಯೆ ಪಟ್ಟವರು ಇವರೊಬ್ಬರೇ! ಇಂಥ ಮನೆಯನ್ನು ನಾನು ಮಾರುವುದೇ?"

ನೆರೆದವರೆಲ್ಲ ನನಗೆ ಸೊಂಟ ಬಾಗಿಸಿ ನಮಸ್ಕರಿಸಿದರು. ಮಾರಲು ಹೊರಟಿದ್ದ ಇನ್ನೂ ಇಬ್ಬರು ಅಲ್ಲೇ ಮನಸ್ಸು ಬದಲಾಯಿಸಿದರು. ವಾರಿಜಾ ಮೆಟ್ಟಿಲ ಮೇಲೆ ಕುಸಿದಳು. ನನಗೋ, ಹೇಳಬಾರದು, ಹಾಲು ಕುಡಿದಷ್ಟು ಸಂತೋಷ!

ಈಗ ಪ್ರತಿ ಭಾನುವಾರ ಅಜ್ಜಿ ನನ್ನನ್ನು ಚಹಾಕ್ಕೆ ಕರೆಯುತ್ತಾರೆ. ನಾನು ಬಾಲ್ಕನಿಯಲ್ಲಿ ಕೂತು ಮನಸಾರೆ ಹೊಟ್ಟೆಕಿಚ್ಚು ಪಡುತ್ತೇನೆ, ಅವರು ಹಿಗ್ಗುತ್ತಾರೆ. ನನ್ನೊಬ್ಬಳನ್ನೇ ಕರೆಯುತ್ತಾರೆಂದು ವಾರಿಜಾ ಮಾತು ಬಿಟ್ಟಿದ್ದಾಳೆ. ಎಂಥೆಂಥವರಿರುತ್ತಾರೆ ನೋಡಿ, ಇನ್ನೊಬ್ಬರ ಏಳಿಗೆ ಕಂಡರಾಗದವರು!