ಚಾರ್ಮಾಡಿಯ ಸೂರ್ಯನೂ ಕೊಟ್ಟೆಕಡುಬೂ

ನಮ್ಮ ಚಾವಡಿಯ ಬೆತ್ತದ ಕುರ್ಚಿ ಅತಿಥಿಗಳನ್ನು ನುಂಗಲು ತೊಡಗಿ ಒಂದು ಮಳೆಗಾಲ ಕಳೆದಿತ್ತು. ಕೂತವರು ಸೊಂಟದವರೆಗೆ ಒಳಗಿಳಿದು, ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡೇ ಚಹಾ ಕುಡಿಯುತ್ತಿದ್ದರು. (ಏಳಲು ಸಾಧ್ಯವಿಲ್ಲದ್ದರಿಂದ ನನ್ನ ಮಾತಿಗೆ ಶ್ರೋತೃಗಳ ಕೊರತೆ ಇರಲಿಲ್ಲ ಎನ್ನಿ.)

"ಹೊಸ ಕುರ್ಚಿ ಒಂದು ತರುವ," ಎಂದಳು ನನ್ನ ಹೆಂಡತಿ ಅನಂತಮತಿ.

ಅದೇ ವಾರ ನನ್ನೊಳಗೆ ಒಬ್ಬ ತತ್ತ್ವಜ್ಞಾನಿ ಹುಟ್ಟಿದ್ದ. "ಕುರ್ಚಿ ಮೂಡುಬಿದಿರೆ ಪೇಟೆಯಲ್ಲಿ ಯಾವಾಗಲೂ ಸಿಗ್ತದೆ. ಇದು ಹೋದರೆ ಇನ್ನೊಂದು. ಅನುಭವ ಹಾಗೆ ಸಿಗ್ತದಾ? ಚಾರ್ಮಾಡಿ ಘಾಟಿಗೆ ಹೋಗುವ. ಸೂರ್ಯಾಸ್ತ ನೋಡುವ!"

"ಸೂರ್ಯ ನಮ್ಮ ಹಿತ್ತಿಲಲ್ಲೂ ಮುಳುಗ್ತಾನಲ್ಲ ಮಾರಾಯ್ರೆ?"

"ಇಲ್ಲಿ ಬರೀ ಮುಳುಗ್ತಾನೆ. ಅಲ್ಲಿ ಅಸ್ತಂಗತನಾಗ್ತಾನೆ!"

"ಆಯ್ತು. ಊಟ?"

ಪ್ರಶ್ನೆ ಸಣ್ಣದಲ್ಲ. ನಾವು ಜೈನರು; ಹೊತ್ತು ಮುಳುಗಿದ ಮೇಲೆ ನಮ್ಮ ಬಾಯಿಗೆ ಒಂದು ಅಗುಳೂ ಇಳಿಯುವಂತಿಲ್ಲ. ಅವಳು ಹಲಸಿನೆಲೆಯ ಕೊಟ್ಟೆಕಡುಬು, ಹೆಸರುಕಾಳಿನ ಗಸಿ ಕಟ್ಟಿಕೊಂಡು ಹೊರಟಳು. ರಾತ್ರಿ ಉಜಿರೆಯ ಭಾವನ ಮನೆಯಲ್ಲಿ ಮಲಗುವುದೆಂದಾಯಿತು.

ಘಾಟಿಯ ಒಂದು ತಿರುವಿನಲ್ಲಿ ನಮ್ಮನ್ನು ಇಳಿಸಿದ ಬಸ್ಸಿನ ಕಂಡಕ್ಟರ್ ಇದಿನಬ್ಬ, "ಮೇಲೆ ಹೋಗಿ ತಿರುಗಿ ಬರುವಾಗ ಹತ್ತಿಸಿಕೊಳ್ತೇನೆ ಧನಿಗಳೇ. ಆದ್ರೆ ಇಲ್ಲಿ ಏನುಂಟು?" ಎಂದ.

"ಅನುಭವ," ಎಂದೆ. ಅವನು ಬಂಡೆಯ ಹಿಂದೆಲ್ಲ ಇಣುಕಿ ನೋಡಿ ಹೋದ.

ಮಧ್ಯಾಹ್ನ ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ನಾನು ಊಟದಿಂದ ಅರ್ಧಕ್ಕೇ ಎದ್ದಿದ್ದೆ. ಈಗ ಹೊಟ್ಟೆಯಲ್ಲಿ ರಣಭೇರಿ. ಅನಂತಮತಿ ಬುತ್ತಿ ಬಿಚ್ಚಿದಳು. "ಬನ್ನಿ, ಹೊತ್ತಿರುವಾಗಲೇ ಉಣ್ಣುವ."

"ಛೆ! ಇಂಥ ಹೊತ್ತಿನಲ್ಲಿ ಕಡುಬಾ? ಸ್ವಲ್ಪ ತಡಿ."

ಅಷ್ಟರಲ್ಲಿ ಸೂರ್ಯ ಮೋಡದೊಳಗೆ ಹೊಕ್ಕ. ನನಗೆ ಕುತೂಹಲ ಕೆರಳಿತು: ಒಳಗೆ ಏನು ಮಾಡುತ್ತಿರಬಹುದು? ಮುಳುಗಿದನೇ, ಅಡಗಿದನೇ?

"ಮುಳುಗಿದ ಅಂತ ಕಾಣ್ತದೆ," ಎಂದಳು.

"ಇಲ್ಲವೇ ಇಲ್ಲ! ಬರ್ತಾನೆ ನೋಡು."

ಬಂದ! ಮೋಡದ ಕೆಳಗಿನಿಂದ, ರಂಗಸ್ಥಳಕ್ಕೆ ತೆರೆ ಸರಿಸಿ ಬರುವ ರಾಜವೇಷದಂತೆ ಬಂದ. ಕಾಡಿಗೆ ಕಾಡೇ ಕೆಂಪಾಯಿತು. ನಾನು ಎರಡೂ ಕೈ ಚಾಚಿ ನಿಂತು ವರ್ಣಿಸಿದೆ, ಮತ್ತೂ ವರ್ಣಿಸಿದೆ. ಉಪಮೆಗಳು ಮುಗಿಯುವಾಗ ಸೂರ್ಯನೂ ಮುಗಿದಿದ್ದ.

ತಿರುಗಿ ನೋಡಿದರೆ ಅನಂತಮತಿ ಕೈ ತೊಳೆದು ಬಾಯಿ ಒರೆಸಿಕೊಳ್ಳುತ್ತಿದ್ದಳು.

"ನೀನು ಉಂಡೆಯಾ?"

"ನೋಡಿಕೊಂಡೇ ಉಂಡೆ. ಸೂರ್ಯ ನೋಡ್ಲಿಕ್ಕೆ ಬಾಯಿ ಯಾಕೆ? ಎರಡು ಸಲ ಕರೆದೆ; ನೀವು 'ಸುವರ್ಣಕಲಶ' ಅಂತ ಬೊಬ್ಬೆ ಹಾಕ್ತಾ ಇದ್ರಿ."

"ಆ ಗುಡ್ಡದ ಮೇಲೆ ಇನ್ನೂ ಸ್ವಲ್ಪ ಕೆಂಪು ಉಂಟಲ್ಲ?" ನನ್ನ ಸ್ವರ ನನಗೇ ಭಿಕ್ಷುಕನದಂತೆ ಕೇಳಿತು.

"ಕೆಂಪು ಉಂಟು. ಸೂರ್ಯ ಇಲ್ಲ," ಎಂದು ಅವಳು ಬುತ್ತಿ ಕಟ್ಟಿದಳು.

ಬಸ್ಸು ಬಂತು. "ಕಡುಬು ಹಾಳಾಗ್ತದೆ, ತಕೊಳ್ಳಿ," ಎಂದು ಅವಳು ಇದಿನಬ್ಬನಿಗೆ ಕೊಟ್ಟಳು. ಅವನು ನನ್ನೆದುರಿಗೇ ಕೂತು ಎಲೆ ಬಿಡಿಸಿದ. ಹಲಸಿನೆಲೆಯ ಆ ಪರಿಮಳ! ಅವನು ಗಸಿಯಲ್ಲಿ ಅದ್ದಿ, ಕಣ್ಣು ಮುಚ್ಚಿ, "ಅಬ್ಬಾ!" ಎಂದ. ನನಗರಿವಿಲ್ಲದೆ ನನ್ನ ಬಾಯಿಯೂ ತೆರೆದು ಮುಚ್ಚುತ್ತಿತ್ತಂತೆ.

'ಅಂತೆ' ಎಂದೆ. ಏಕೆಂದರೆ ಇದು ನನಗೆ ತಿಳಿದದ್ದು ಮರುದಿನ, ನಮ್ಮ ಚಾವಡಿಯಿಂದ. ಅನಂತಮತಿ ಪಕ್ಕದ ಮನೆಯ ಪ್ರಭಾವತಿಗೂ ಅವಳ ನಾದಿನಿಯರಿಗೂ ಪ್ರವಾಸಕಥನ ಹೇಳುತ್ತಿದ್ದಳು. ಸೂರ್ಯಾಸ್ತ ಒಂದೇ ವಾಕ್ಯದಲ್ಲಿ ಮುಗಿಯಿತು. ನನ್ನ ಬಾಯಿಯ ವರ್ಣನೆ ಸಂಜೆಯವರೆಗೆ ನಡೆಯಿತು.

ಮುಂದಿನ ಭಾನುವಾರ ಅವರೆಲ್ಲ "ನಮಗೂ ಆ ಅನುಭವ ಬೇಕು" ಎಂದು ಬುತ್ತಿ ಕಟ್ಟಿ ನಮ್ಮೊಂದಿಗೆ ಹೊರಟರು. ನನ್ನ ತತ್ತ್ವ ಗೆದ್ದಿತೆಂದು ನಾನು ಬೀಗಿದೆ. ಅದೇ ತಿರುವಿನಲ್ಲಿ ಇಳಿದು, ಬಂಡೆಯ ಮೇಲೆ ನಿಂತು, ಪಶ್ಚಿಮಕ್ಕೆ ಕೈ ಚಾಚಿ, "ನೋಡಿ!" ಎಂದು ಗರ್ಜಿಸಿದೆ.

ಹೆಂಗಸರು ಸಾಲಾಗಿ ಕೂತು ಬುತ್ತಿ ಬಿಚ್ಚಿದ್ದರು. ಎಲ್ಲರ ಬೆನ್ನೂ ಸೂರ್ಯನ ಕಡೆಗಿತ್ತು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲಿತ್ತು.