ಇನ್ನೊಬ್ಬರನ್ನು ಕೇಳುವ ಕಾಕಾ

ನನ್ನ ಗಂಟಲನ್ನು ಯಾರಾದರೂ ಜಪ್ತಿ ಮಾಡಿದರೆ ನಾನು ತಕರಾರು ತೆಗೆಯುವುದಿಲ್ಲ. ಕಂಡವರ ದನಿಯನ್ನೆಲ್ಲ ಅಣಕಿಸಿ ನಗಿಸುವ ಈ ಗಂಟಲಿನಿಂದಲೇ ನಮ್ಮ ಕಾಕಾನನ್ನು ಉರಿಬಿಸಿಲಲ್ಲಿ ಊರಿನ ಆ ತುದಿಯ ಕೂಕಟ್‌ಪಲ್ಲಿಗೆ ಅಟ್ಟಿದ ಮೂರ್ಖ ನಾನು! ಆದರೆ ಕಾಕಾ ಎಂಥವರೆಂದು ಮೊದಲು ಕೇಳಿ, ನನ್ನ ಶಿಕ್ಷೆ ತುಸು ಕಡಿಮೆಯಾದೀತು.

ಅಬಿಡ್ಸ್‌ನ ಓಣಿಯೊಂದರಲ್ಲಿ ಕುಟುಕುಜೀವ ಹಿಡಿದಿದ್ದ ಸಣ್ಣ ತೆಲುಗು ಪತ್ರಿಕೆಗೆ ಅವರು ಉಪಸಂಪಾದಕರು. ಇಬ್ಬರು ಹೇಳದ ಹೊರತು ಯಾವ ಸುದ್ದಿಯನ್ನೂ ನಂಬುವವರಲ್ಲ. ಮನೆಯಲ್ಲೂ ಅಷ್ಟೇ! ಹೆಂಡತಿ, ಅಂದರೆ ನಮ್ಮ ಕಾಕು, "ಊಟಕ್ಕ ಬರ್ರಿ" ಎಂದರೆ ಅವರ ಮನೆಯಲ್ಲೇ ಇರುವ ನನ್ನತ್ತ ತಿರುಗುತ್ತಾರೆ: "ಖರೇನ ಅಡಗಿ ಆಗೇತೇನೋ?" ಕರೆಂಟು ಹೋದರೆ ಪಕ್ಕದ ಮನೆಗೆ ಫೋನು. ಕತ್ತಲಲ್ಲಿ ಕೂತವರಿಗೆ ಕತ್ತಲೆಗೂ ಸಾಕ್ಷಿ ಬೇಕೇ?

ಸಂಜೆ ಟಿವಿಯಲ್ಲಿ ಒಂದು ಧಾರಾವಾಹಿ. ಅದರಲ್ಲೂ ಮುಳುಗುತ್ತಿರುವ ಪತ್ರಿಕೆಯದೇ ಕತೆ. ಅಲ್ಲಿಯವರು ತೆಲುಗಿನಲ್ಲಿ ತಪ್ಪು ಮಾಡುತ್ತಾರೆ, ಕಾಕಾ ಕನ್ನಡದಲ್ಲಿ ತಿದ್ದುತ್ತಾರೆ! ವರದಿಗಾರ ಒಂದೇ ಫೋನು ನಂಬಿ ಸುದ್ದಿ ಬರೆದನೋ, "ಇನ್ನೊಬ್ಬರನ್ನ ಕೇಳಲೇ ಹುಚ್ಚಾ!" ಎಂದು ಕುರ್ಚಿಯಿಂದ ಏಳುತ್ತಾರೆ.

"ಅವಗ ಕೇಳಸಂಗಿಲ್ರಿ, ಕೂಡ್ರಿ," ಎನ್ನುತ್ತಾಳೆ ಕಾಕು.

ಒಂದು ದಿನ ಮಾಲೀಕರು ಪತ್ರಿಕೆ ಮುಚ್ಚುವುದಾಗಿ ಹೇಳಿದರು. ಕಾಕಾ ಮನೆಗೆ ಬಂದು, "ಅವ್ರೊಬ್ರ ಹೇಳ್ಯಾರ. ಇನ್ನೂ ಖಾತ್ರಿ ಇಲ್ಲ," ಎಂದರು. ಮರುದಿನ ಮುದ್ರಣದವನೂ ಅದನ್ನೇ ಹೇಳಿದ. ಅಂದು ಕಾಕಾ ಧಾರಾವಾಹಿಯನ್ನು ತಿದ್ದಲಿಲ್ಲ.

ಅವರನ್ನು ನಗಿಸಬೇಕೆಂದು ಗೆಳೆಯನ ಫೋನಿನಿಂದ ಕರೆ ಮಾಡಿದೆ. ಗಡಸು ದನಿ, ಗತ್ತಿನ ತೆಲುಗು: ನಮ್ಮ ಧಾರಾವಾಹಿಗೆ ಸುದ್ದಿಮನೆ ಬಲ್ಲ ಸಲಹೆಗಾರರು ಬೇಕು, ನಾಳೆ ಕೂಕಟ್‌ಪಲ್ಲಿಯ ಸ್ಟುಡಿಯೋಗೆ ಬನ್ನಿ. ವಿಳಾಸವನ್ನೂ ಹೊಸೆದುಕೊಟ್ಟೆ. ಈ ಮನುಷ್ಯ ಖಾತ್ರಿ ಮಾಡಿಕೊಳ್ಳಲು ನನ್ನನ್ನೇ ಕೇಳುತ್ತಾರೆ, ಎಲ್ಲರೂ ಸೇರಿ ನಗೋಣ ಎಂಬ ಲೆಕ್ಕಾಚಾರ ನನ್ನದು.

ಅವರು ಯಾರನ್ನೂ ಕೇಳಲಿಲ್ಲ! ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿಬಿಟ್ಟಿದ್ದರು. ಫೋನು ಮೇಜಿನ ಮೇಲೆಯೇ ಇತ್ತು.

ಮಧ್ಯಾಹ್ನ ಬೆವರಿಗೆ ಅಂಗಿ ಬೆನ್ನಿಗಂಟಿಸಿಕೊಂಡು ಬಂದರು. ನನ್ನ ಗಂಟಲಿನಿಂದ ಆಗ ಬೇರೆ ಯಾರ ದನಿಯೂ ಹೊರಡಲಿಲ್ಲ, ನನ್ನದೇ ಅಷ್ಟಿಷ್ಟು ಹೊರಟಿತು.

"ಕಾಕಾ, ಆ ಫೋನ್ ಮಾಡಿದಾವ ನಾನರಿ. ತಪ್ಪಾತು."

ಅವರು ನೀರು ಕುಡಿದು ಲೋಟ ಕೆಳಗಿಟ್ಟರು.

"ಮೊದಲನೇ ಮಾತಿಗೇ ನಿನ್ನ ದನಿ ಅಂತ ಗೊತ್ತಾತೋ ತಮ್ಮಾ. ಆದ್ರ ಸುಳ್ಳು ಅನ್ನಾಕೂ ಇನ್ನೊಬ್ಬರು ಹೇಳಬೇಕಲ್ಲ? ಅದಕ್ಕ ಹೋಗಿದ್ದೆ."